ಮುಂಬಾಗಿಲ ನಂಬರ್ ಬೀಗದವರಿಗೆ, ಬಾಗಿಲ ಒಳಗಿನಿಂದ

ಮಾನ್ಯ ನಂಬರ್ ಬೀಗದವರೇ,

ನೆಲದಿಂದ ಮೂರೂವರೆ ಅಡಿ ಎತ್ತರದಲ್ಲಿ, ನಾಲ್ಕು ತಿರುಪು ಮೊಳೆಗಳ ಆಸರೆಯಲ್ಲಿ, ನಮ್ಮ ಮನೆಯ ಮುಂಬಾಗಿಲನ್ನು ಅಲಂಕರಿಸಿ ಕುಳಿತಿರುವ ತಮಗೆ ಈ ಮನೆಯ ಒಡತಿಯ ವಿನಯಪೂರ್ವಕ ನಮಸ್ಕಾರಗಳು. ತಮ್ಮ ಹತ್ತು ಗುಂಡಿಗಳೂ, ಮುಟ್ಟಿದರೆ ಬೆಳಗುವ ನೀಲಿ ದೀಪವೂ, ಹೊಟ್ಟೆಯೊಳಗಿನ ನಾಲ್ಕು ಬ್ಯಾಟರಿಗಳೂ ಕ್ಷೇಮವಾಗಿವೆ ಎಂದು ನಂಬಿದ್ದೇನೆ. ನಾನು ಏಳನೇ ತರಗತಿಯವರೆಗೆ ಓದಿದವಳು, ದೊಡ್ಡವರಿಗೆ ಪತ್ರ ಬರೆದು ಅಭ್ಯಾಸವಿಲ್ಲ. ತಪ್ಪು ಕಂಡರೆ ತಾವು ಹೊಟ್ಟೆಗೆ ಹಾಕಿಕೊಳ್ಳಬೇಕು, ಬ್ಯಾಟರಿಗಳ ಪಕ್ಕದಲ್ಲಿ ಜಾಗವಿದ್ದರೆ.

ಮೊದಲಿಗೆ ತಮ್ಮ ಗುಣಗಾನ ಮಾಡದೆ ದೂರಿಗೆ ಇಳಿಯುವುದು ಸೌಜನ್ಯವಲ್ಲ. ತಾವು ಬಂದು ಹದಿನಾಲ್ಕು ವಾರಗಳಾದವು. ಅಷ್ಟರಲ್ಲಿ ಎಷ್ಟು ಜನ ಗುರುತಿಲ್ಲದವರಿಗೆ ಮುಖ ನೋಡದೆ, ಊರು ಕೇಳದೆ, ಕಾಲಿಗೆ ಕೆಸರಿದೆಯೇ ಎಂದೂ ಬಗ್ಗಿ ನೋಡದೆ ಬಾಗಿಲು ತೆರೆದಿರಿ! ಇಂಥ ದೊಡ್ಡ ಮನಸ್ಸು ಈ ಬೀದಿಯಲ್ಲಿ ಯಾರಿಗೂ ಇರಲಿಲ್ಲ, ನನಗಂತೂ ಮೊದಲೇ ಇರಲಿಲ್ಲ. ಈ ಮನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಬಾಳಿದ ನಾನು ತಮ್ಮ ಮುಂದೆ ಕೈಚೀಲ ಹಿಡಿದು ನಿಂತಾಗ ಮಾತ್ರ ಮೂರು ಸಲ ಕೀಂಕೀಂ ಎಂದು ಕೆಂಪಾಗಿ ಉರಿದಿರಿ. ತಪ್ಪು ತಮ್ಮದಲ್ಲ, ನನಗೆ ನಂಬರು ಗೊತ್ತಿರಲಿಲ್ಲ, ಅಷ್ಟೇ.

ತಮ್ಮನ್ನು ಕರೆತಂದವರು ನಮ್ಮ ಅಳಿಯಂದಿರು. ನೆಲಕ್ಕೆ ಹಾಸುವ ಟೈಲ್ಸ್ ಮಾರುವ ಅಂಗಡಿಯಲ್ಲಿ ಸೇಲ್ಸ್ ಕೆಲಸ. ಒಳ್ಳೆಯವರು, ಮಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ, ಊಟ ಮಾಡುವಾಗಲೂ ಮೊಬೈಲಿನಲ್ಲಿ ಒಬ್ಬ ಕೋಟು ಹಾಕಿದ ಮನುಷ್ಯನ ಭಾಷಣ ಕೇಳುತ್ತಾರೆ. ಆ ಕೋಟಿನವನು ಹೇಳಿಕೊಟ್ಟ ಉಪಾಯವನ್ನು ಅಳಿಯಂದಿರು ನನಗೆ ಒಂದು ಸಂಜೆ ಲೋಟ, ತಟ್ಟೆ, ಚಮಚಗಳನ್ನು ಮೇಜಿನ ಮೇಲೆ ಜೋಡಿಸಿ ವಿವರಿಸಿದರು. ಈ ಲೋಟ ನಮ್ಮ ಮನೆ. ಇದನ್ನು ಎರಡು ದಿನ, ಮೂರು ದಿನ ಅಂತ ಬಂದು ಹೋಗುವವರಿಗೆ ಬಾಡಿಗೆಗೆ ಕೊಡುವುದು. ಬಂದದ್ದನ್ನು ಕೂಡಿಸಿ, ಇದೇ ಲೋಟವನ್ನು ಬ್ಯಾಂಕಿನಲ್ಲಿ ಒತ್ತೆಯಿಟ್ಟು, ಎರಡನೇ ಲೋಟ ಕೊಳ್ಳುವುದು. ಅದನ್ನೂ ಹಾಗೆಯೇ ಬಾಡಿಗೆಗೆ ಕೊಟ್ಟು ಮೂರನೆಯದು. ಹೀಗೆ ಏಳು. "ಏಳು ಮನೆ ಆಗ್ಲಿ ಅತ್ತೆ, ಆಮೇಲೆ ಯಾವ ಚಿಂತೇನೂ ಇಲ್ಲ. ನಾವು ಮೂರು ಜನ ಆರಾಮಾಗಿ ಒಂದು ಮನೇಲಿ ಇರಬಹುದು" ಎಂದರು. ನಾವು ಮೂರು ಜನ ಆಗ ಆರಾಮಾಗಿ ಒಂದು ಮನೆಯಲ್ಲೇ ಕೂತಿದ್ದೆವು ಎಂದು ಹೇಳಬೇಕೆನಿಸಿತು. ಆದರೆ ಅವರು ಆಗಲೇ ಐದನೇ ಲೋಟಕ್ಕಾಗಿ ಅಡುಗೆಮನೆಗೆ ಎದ್ದು ಹೋಗಿದ್ದರು. ಎದುರು ಸಾಲಿನ ಟೈಲರ್‌ಗೆ ಈ ಸುದ್ದಿ ಹೇಗೆ ತಲುಪಿತೋ ಕಾಣೆ, ಮಾರನೆಯ ದಿನದಿಂದ ಬೀದಿಯಲ್ಲಿ ಅಳಿಯಂದಿರಿಗೆ 'ಏಳು ಮನೆ ಸಾಹೇಬರು' ಎಂಬ ಹೆಸರು ಬಿತ್ತು.

ನಾನು ಬೇಡ ಎನ್ನಲಿಲ್ಲ. ನಮ್ಮವರು ಹೋಗಿ ಆಗ ಎಂಟೂವರೆ ತಿಂಗಳು. ಆ ದಿನಗಳಲ್ಲಿ ಯಾರು ಏನು ಕೇಳಿದರೂ ಹೂಂ ಎನ್ನುತ್ತಿದ್ದೆ. ಹೂಂ ಎಂದರೆ ಮಾತು ಬೇಗ ಮುಗಿಯುತ್ತದೆ. ಹಾಗೆ ನನ್ನ ಒಂದು ಹೂಂಕಾರದಿಂದ ತಾವು ಬಾಗಿಲಿಗೆ ಬಂದಿರಿ, ನಾವು ತಾರಸಿಯ ಮೇಲಿನ ಸಾಮಾನಿನ ಕೋಣೆಗೆ ಹೋದೆವು. ಆ ಕೋಣೆಯ ವೈಭವವನ್ನು ತಾವು ಕಂಡಿಲ್ಲ. ಒಂದು ಕಿಟಕಿ, ಅದರ ಮುಂದೆ ನೀರಿನ ಟ್ಯಾಂಕು. ನಡುವೆ ಹಗ್ಗ ಕಟ್ಟಿ ಹಾಸುವ ಬಟ್ಟೆ ಇಳಿಬಿಟ್ಟರೆ ಆ ಕಡೆ ಮಗಳು ಅಳಿಯ, ಈ ಕಡೆ ನಾನು. ನಾನು ಮಗ್ಗುಲು ಬದಲಿಸಿದರೆ ಆ ಕಡೆಯಿಂದ "ಏನಾಯ್ತು ಅತ್ತೆ?" ಎಂದು ಕಾಳಜಿಯ ದನಿ ಬರುತ್ತದೆ. ನಾನು ಅಳುವುದಿದ್ದರೆ ಟ್ಯಾಂಕಿಗೆ ನೀರು ಏರುವ ಹೊತ್ತಿಗೆ ಇಟ್ಟುಕೊಂಡೆ, ಮೋಟಾರಿನ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ.

ತಮಗೆ ಸಂಕೋಚವಾಗದಿದ್ದರೆ ನಮ್ಮವರ ಕೆಲಸ ಏನೆಂದು ಹೇಳಿಬಿಡುತ್ತೇನೆ. ಅವರು ಬೀಗ ರಿಪೇರಿಯವರು. ಮಾರುಕಟ್ಟೆಯ ಬಾಗಿಲ ಬಳಿ ಒಂದು ಮೇಜು, ಒಂದು ದೊಡ್ಡ ಕೊಡೆ, ಹಲ್ಲು ಕತ್ತರಿಸದ ನೂರಾರು ಬೀಗದ ಕೈಗಳ ಗೊಂಚಲು. ಮೂವತ್ತೊಂದು ವರ್ಷ ಅಲ್ಲೇ ಕೂತರು. ಅವರದೊಂದು ಕಟ್ಟುನಿಟ್ಟಿತ್ತು. ಯಾರೇ ಬಂದು ಇನ್ನೊಂದು ಕೈ ಮಾಡಿಕೊಡಿ ಎಂದರೂ ಮೊದಲು ಒಂದು ಉದ್ದನೆಯ ಕಂದು ಪುಸ್ತಕವನ್ನು ಮುಂದಿಡುತ್ತಿದ್ದರು. ಅದರಲ್ಲಿ ಸ್ಕೇಲಿಟ್ಟು ಗೆರೆ ಹಾಕಿದ ನಾಲ್ಕು ಅಂಕಣಗಳು: ಹೆಸರು, ವಿಳಾಸ, ಬಂದ ಕಾರಣ, ಸಹಿ. ಮೇಲ್ಹೊದಿಕೆಯ ಮೇಲೆ ಅವರದೇ ದಪ್ಪ ಅಕ್ಷರದಲ್ಲಿ 'ಬಂದವರು ಬರೆಯಬೇಕು'. ಒಮ್ಮೆ ಯಾವುದೋ ಆಫೀಸಿನ ದೊಡ್ಡ ಸಾಹೇಬರು ಕಾರು ನಿಲ್ಲಿಸಿ ಬಂದು, "ನನ್ನ ಮನೆ ಕೀ ಮಾಡಿಸೋಕೆ ನಾನು ಸಹಿ ಹಾಕ್ಬೇಕೇನಯ್ಯಾ?" ಎಂದು ಗದರಿದರಂತೆ. ಇವರು ಪುಸ್ತಕ ಇನ್ನೂ ಸ್ವಲ್ಪ ಮುಂದಕ್ಕೆ ತಳ್ಳಿ, "ನಿಮ್ಮ ಮನೆ ಅಂತ ನೀವೇ ಅಲ್ವಾ ಸ್ವಾಮಿ ಹೇಳ್ಬೇಕಾದ್ದು? ಇಲ್ಲಿ ಬರೀರಿ" ಎಂದರಂತೆ. ಸಾಹೇಬರು ಬರೆದರಂತೆ. ಇದನ್ನು ನಮ್ಮವರು ನನಗೆ ಕಡಿಮೆಯೆಂದರೂ ನಲವತ್ತು ಸಲ ಹೇಳಿದ್ದರು, ಪ್ರತಿ ಸಲವೂ ಸಾಹೇಬರ ಕಾರು ಸ್ವಲ್ಪ ದೊಡ್ಡದಾಗುತ್ತಿತ್ತು.

ಅವರು ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ ಇದ್ದು ಹೋದರು. ಪುಸ್ತಕದ ಅರ್ಧಕ್ಕಿಂತ ಹೆಚ್ಚು ಹಾಳೆ ಖಾಲಿ ಉಳಿದಿತ್ತು. ನಾನು ಅದರಲ್ಲಿ ದಿನಕ್ಕಿಷ್ಟು ಎಂದು ಬರೆಯತೊಡಗಿದೆ. ಅವರ ಅಂಕಣಗಳನ್ನು ಲೆಕ್ಕಿಸದೆ ಅಡ್ಡಕ್ಕೆ ಬರೆದುಕೊಂಡು ಹೋಗುತ್ತಿದ್ದೆ. ಇವತ್ತು ಎರಡು ಲೋಟ ಟೀ ಮಾಡಿಬಿಟ್ಟೆ, ಒಂದನ್ನು ಚೆಲ್ಲಿದೆ. ಇವತ್ತು ಅವರ ಕನ್ನಡಕ ಒರೆಸಿಟ್ಟೆ. ಇವತ್ತು ಆಸ್ಪತ್ರೆಯ ಕೊನೆಯ ದಿನ ನೆನಪಾಯಿತು. ಇಂಥವು, ಯಾರಿಗೂ ಬೇಡದ ಸಂಗತಿಗಳು. ತಾವು ಬಂದ ದಿನ ಗಡಿಬಿಡಿಯಲ್ಲಿ ಮೇಲಕ್ಕೆ ಹೋಗುವಾಗ ಅವರ ಉಪಕರಣಗಳ ತಗಡಿನ ಪೆಟ್ಟಿಗೆಯನ್ನು ಎತ್ತಿಕೊಂಡೆ, ಪುಸ್ತಕವನ್ನು ಮಂಚದ ಪಕ್ಕದ ಮೇಜಿನ ಮೇಲೆ ಮರೆತೆ.

ಅದನ್ನು ತರಲೆಂದೇ ನಾನು ಮರುದಿನ ಬೆಳಿಗ್ಗೆ ಕೆಳಗಿಳಿದದ್ದು. ಆಗಿನ್ನೂ ನನಗೆ ನಂಬರು ಹೇಳಿದ್ದರು. ತಾವು ಹಸಿರಾಗಿ ಬೆಳಗಿ ನನ್ನನ್ನು ಒಳಗೆ ಬಿಟ್ಟಿರಿ, ಕೃತಜ್ಞತೆಗಳು. ಆದರೆ ಒಳಗೆ ಟವೆಲ್ ಸುತ್ತಿಕೊಂಡ ಒಬ್ಬರು ನಿಂತಿದ್ದಾರೆಂದು ಒಂದು ಮಾತು ಮುನ್ಸೂಚನೆ ಕೊಡಬಹುದಿತ್ತು. ಆ ಮಹಾಶಯರು ಕಿರುಚಿದರು, ನಾನೂ ಕಿರುಚಿದೆ, ಅವರು ನನ್ನ ಮನೆಯಲ್ಲಿ ನನ್ನನ್ನೇ "ಯಾರ್ರೀ ನೀವು?" ಎಂದು ಕೇಳಿದರು. ಹಿಂದೆ ಸರಿದು ಬಾಗಿಲು ಎಳೆದುಕೊಂಡೆ. ಉಳಿದುಹೋದವರು ಮನೆಗೆ ಮೊಬೈಲಿನಲ್ಲಿ ಐದಕ್ಕೆ ಇಷ್ಟು ಎಂದು ಸ್ಟಾರು ಕೊಡುತ್ತಾರೆ, ಅಂದು ಸಂಜೆ ಒಂದೇ ಬಂತು, ಕೆಳಗೆ 'ಮನೆ ಚೊಕ್ಕಟವಾಗಿದೆ, ಆದರೆ ಹೆಂಗಸೊಬ್ಬರು ಬರುತ್ತಾರೆ' ಎಂದಿತ್ತಂತೆ. ಅಳಿಯಂದಿರು ಬೈಯಲಿಲ್ಲ. ನನ್ನ ಪಕ್ಕ ಕೂತು, "ಅತ್ತೆ, ನಂಬರ್ ದಿನಾ ಬದಲಾಗತ್ತೆ, ನಿಮಗ್ಯಾಕೆ ಸುಮ್ನೆ ತಲೆಬಿಸಿ" ಎಂದರು. ಅಂದಿನಿಂದ ನನಗೆ ತಮ್ಮ ಪರಿಚಯ ತಪ್ಪಿತು. ಟೈಲರ್ ಮಾತ್ರ ನಾನು ಮೆಟ್ಟಿಲಿಳಿಯುವುದನ್ನು ಕಂಡಾಗಲೆಲ್ಲ ಹೊಲಿಗೆ ನಿಲ್ಲಿಸಿ, "ಏನಕ್ಕಾ, ಇವತ್ತು ನಿಮ್ಮನೆಗೆ ನೀವು ನೆಂಟ್ರಾ, ಬಾಡಿಗೆಯವರಾ?" ಎಂದು ವಿಚಾರಿಸಿಕೊಳ್ಳುತ್ತಿದ್ದ. ಹೀಗೆ ವಿಚಾರಿಸುವವರೂ ಇರಬೇಕು.

ಇನ್ನು ಪುಸ್ತಕದ ಗತಿ ಕೇಳಿ. ಮಲಗುವ ಕೋಣೆಯಲ್ಲಿ ಮೇಜು, ಮೇಜಿನ ಮೇಲೆ ಪುಸ್ತಕ, ಪುಸ್ತಕದ ಮೇಲೆ 'ಬಂದವರು ಬರೆಯಬೇಕು' ಎಂಬ ಅಪ್ಪಣೆ, ಒಳಗೆ ಹೆಸರು, ವಿಳಾಸ, ಬಂದ ಕಾರಣ, ಸಹಿ. ಬಂದವರು ಇನ್ನೇನು ಮಾಡುತ್ತಾರೆ? ಬರೆದರು. ನಮ್ಮವರ ಗಿರಾಕಿಗಳಿಗಿಂತ ಹೆಚ್ಚು ವಿಧೇಯರಾಗಿ ಬರೆದರು. ನಾಲ್ಕು ವಾರಗಳಲ್ಲಿ ಸ್ಟಾರುಗಳು ಒಂದರಿಂದ ಐದಕ್ಕೆ ಏರಿದವು. ಅಳಿಯಂದಿರು ಹೊಸ ಪರದೆಗಳ ಪ್ರಭಾವವೆಂದುಕೊಂಡಿದ್ದರು. ಆಮೇಲೆ ಯಾರೋ ಒಬ್ಬರು ಸ್ಟಾರಿನ ಕೆಳಗೆ 'ಆ ಪುಸ್ತಕಕ್ಕಾಗಿಯೇ ಇನ್ನೊಮ್ಮೆ ಬರುತ್ತೇವೆ' ಎಂದು ಬರೆದಾಗ ಅವರಿಗೆ ತಿಳಿಯಿತು. ಅವರು ಅದನ್ನು ಓದಲಿಲ್ಲ, ಓದುವಷ್ಟು ಪುರುಸೊತ್ತು ಅವರಿಗೆಲ್ಲಿ? "ಅದನ್ನ ಆ ಮೇಜಿಂದ ಅಲ್ಲಾಡಿಸ್ಬೇಡ, ಎರಡನೇ ಮನೇಗೂ ಅಂಥದ್ದೇ ಒಂದು ಬರೆಸೋಣ ಅತ್ತೆ ಹತ್ರ" ಎಂದು ಮಗಳಿಗೆ ಹೇಳಿದ್ದು ಬಟ್ಟೆಯ ಈಚೆ ಮಲಗಿದ್ದ ನನಗೂ ಕೇಳಿಸಿತು. ಎರಡನೇ ಮನೆಗೆ ನಾನು ಯಾರನ್ನು ಕಳೆದುಕೊಂಡು ಬರೆಯಬೇಕು ಎಂಬುದನ್ನು ಅವರು ಇನ್ನೂ ಯೋಚಿಸಿರಲಿಲ್ಲವೆಂದು ಕಾಣುತ್ತದೆ.

ಹಾಸಿಗೆ ಬಟ್ಟೆ ಬದಲಿಸಲು ಒಳಹೋಗುತ್ತಿದ್ದ ಮಗಳು ಕಳೆದ ವಾರ ಒಗೆಯುವ ಗಂಟಿನ ನಡುವೆ ಅದನ್ನು ಅಡಗಿಸಿ ಮೇಲಕ್ಕೆ ತಂದಳು. "ಬೇಗ ಓದಮ್ಮ, ಎರಡು ಗಂಟೆಗೆ ಮುಂದಿನವರು ಬರ್ತಾರೆ" ಎಂದು ಗಂಟು ನನ್ನ ಮಡಿಲಿಗೆ ಹಾಕಿ ನೀರಿನ ಟ್ಯಾಂಕಿನ ಹಿಂದೆ ಹೋಗಿ ನಿಂತಳು.

ಮಾನ್ಯರೇ, ತಾವು ಒಳಗೆ ಬಿಟ್ಟವರು ಎಂಥೆಂಥವರೆಂದು ತಮಗೆ ಗೊತ್ತಿಲ್ಲ, ನಾನು ಹೇಳುತ್ತೇನೆ. ಎರಡು ಲೋಟ ಟೀ ಮಾಡಿದ ದಿನದ ಕೆಳಗೆ ಹೊಸದಾಗಿ ಮದುವೆಯಾದ ಜೋಡಿಯೊಂದು, 'ಇಬ್ಬರೂ ಓದಿ ಅತ್ತುಬಿಟ್ವಿ. ಗೀಸರ್ ಸ್ವಲ್ಪ ನಿಧಾನ' ಎಂದು ಬರೆದಿತ್ತು. ಪರೀಕ್ಷೆಗೆ ಬಂದಿದ್ದ ಒಬ್ಬ ಹುಡುಗಿ ನನ್ನ ಕಾಗುಣಿತವನ್ನು ಕೆಂಪು ಪೆನ್ನಿನಲ್ಲಿ ಐದು ಪುಟ ತಿದ್ದಿ, ಆರನೇ ಪುಟದಲ್ಲಿ ಆಸ್ಪತ್ರೆಯ ಕೊನೆಯ ದಿನ ಬಂದಾಗ ಪೆನ್ನು ನಿಲ್ಲಿಸಿ, 'ಕ್ಷಮಿಸಿ ಆಂಟಿ' ಎಂದಿದ್ದಳು. ಯಾರದೋ ಮಗು ಅದೇ ಪುಟದ ಅಂಚಿನಲ್ಲಿ ಒಂದು ಬೆಕ್ಕು ಬಿಡಿಸಿತ್ತು. ಕಾಲು ಮೂರೇ, ಆದರೆ ನಗುತ್ತಿತ್ತು. ಒಬ್ಬ ಮಹನೀಯರು ನನ್ನ ಒಂದು ಮಂಗಳವಾರಕ್ಕೆ ಐದಕ್ಕೆ ಮೂರು ಸ್ಟಾರು ಕೊಟ್ಟಿದ್ದರು. ಆ ಮಂಗಳವಾರ ನನಗೂ ಅಷ್ಟಕ್ಕಷ್ಟೇ ಆಗಿತ್ತು, ತಕರಾರಿಲ್ಲ. ಮೋಟಾರು ಬಿಡಿಭಾಗ ಮಾರುವ ಒಬ್ಬರು, ಬಂದ ಕಾರಣ: ವ್ಯಾಪಾರ ಎಂದು ಬರೆದು, ಅದರ ಕೆಳಗೆ ಜಾಗ ಸಾಲದೆ ಅಂಚಿನಲ್ಲಿ ಹೀಗೆ ಸೇರಿಸಿದ್ದರು: 'ನನ್ನ ಹೆಂಡತಿ ಹೋಗಿ ನಾಲ್ಕು ವರ್ಷ. ಮೊದಲನೇ ವರ್ಷ ಕಷ್ಟ ಅಮ್ಮ. ಎರಡನೇದೂ ಕಷ್ಟ. ಆಮೇಲೆ ಅಭ್ಯಾಸ ಆಗುತ್ತೆ ಅಂತಾರೆ, ನನಗಿನ್ನೂ ಆಗಿಲ್ಲ. ನಾನೂ ಎರಡು ಲೋಟ ಮಾಡ್ತೀನಿ, ಎರಡನ್ನೂ ಕುಡೀತೀನಿ. ಚೆಲ್ಲಬೇಡಿ. ಟೀ ಪುಡಿ ಮುಗಿದಿದೆ.'

ಕೊನೆಯ ಸಾಲು ನನಗೆ ಪರಿಚಯವಿದ್ದ ಅಕ್ಷರ. ಹೆಸರು: ಮಗಳು. ವಿಳಾಸ: ತಾರಸಿ. ಬಂದ ಕಾರಣ: ಬೆಡ್‌ಶೀಟ್ ಬದಲಾಯಿಸಲು, ಅಪ್ಪನ ಅಕ್ಷರ ನೋಡಿ ಸ್ವಲ್ಪ ಹೊತ್ತು ಕೂತಿದ್ದೆ. ಸಹಿಯ ಜಾಗದಲ್ಲಿ ಸಹಿ ಇರಲಿಲ್ಲ, ಶಾಯಿ ಒದ್ದೆಯಾಗಿ ಹರಡಿತ್ತು.

ಅಂದು ನಾನು ಅಳಿಯಂದಿರಲ್ಲಿ ಒಂದೇ ಒಂದು ಬೇಡಿಕೆ ಇಟ್ಟೆ. ಬರುವ ಶನಿವಾರಕ್ಕೆ ನಮ್ಮವರು ಹೋಗಿ ಒಂದು ವರ್ಷ. ಆ ಒಂದು ದಿನ ನಾನು ನನ್ನ ಮನೆಯಲ್ಲಿ ಇರಬೇಕು. ಏನೂ ಮಾಡುವುದಿಲ್ಲ, ಅವರು ಕೂರುತ್ತಿದ್ದ ಕಡೆ ಕೂರುತ್ತೇನೆ, ಅಷ್ಟೇ. ಅಳಿಯಂದಿರ ಮುಖ ಸಪ್ಪಗಾಯಿತು. "ಅಯ್ಯೋ ಅತ್ತೆ, ಮೊದಲೇ ಹೇಳ್ಬಾರ್ದಾ? ಶನಿವಾರ ಆರು ಜನ ಬುಕ್ ಮಾಡಿದಾರೆ, ವೀಕೆಂಡ್ ರೇಟು. ಈಗ ಕ್ಯಾನ್ಸಲ್ ಮಾಡಿದ್ರೆ ಸ್ಟಾರ್ ಬೀಳತ್ತೆ. ಭಾನುವಾರ ಮಧ್ಯಾಹ್ನ ಮೂರು ಗಂಟೆ ಹೊತ್ತು ಫ್ರೀ ಇದೆ, ಭಾನುವಾರ ಮಾಡ್ಕೊಳ್ಳೋಣ" ಎಂದರು. ನಮ್ಮವರು ಹೋಗುವ ಮೊದಲೇ ಹೇಳಬೇಕಿತ್ತು, ನಿಜ. ಹಾಗೆಯೇ ಅವರು ಒಂದು ಲಕೋಟೆ ಕೊಟ್ಟು, "ಶನಿವಾರ ಕಳೆದು ಸೋಮವಾರ ಬ್ಯಾಂಕಿಗೆ ಹೋಗ್ಬೇಕು, ಇಂಟು ಗುರುತು ಹಾಕಿದ ಕಡೆಯೆಲ್ಲ ಸಹಿ ಮಾಡಿಡಿ" ಎಂದರು. ಈ ಮನೆಯನ್ನು ಒತ್ತೆಯಿಡುವ ಕಾಗದ. ಇಂಟು ಗುರುತು ಒಂಬತ್ತು ಕಡೆ ಇತ್ತು.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ಕೆಲವು ಸಣ್ಣ ಕೋರಿಕೆಗಳು. ಇನ್ನು ಮುಂದೆ ಬಾಗಿಲಿಗೆ ಬಂದವರ ಹೆಜ್ಜೆಯ ಸದ್ದು ಕೇಳಿ, ಬೆಳಿಗ್ಗೆ ಹೋದವರು ಇವರೇ ಹೌದೋ ಅಲ್ಲವೋ ಎಂದು ಗುರುತು ಹಿಡಿಯುವುದನ್ನು ಕಲಿಯಬೇಕು. ಸಂಜೆ ಏಳಕ್ಕೆ ತಲೆಬಾಗಿಲ ಬಳಿ ಚಪ್ಪಲಿ ಬಿಡುವ ಸದ್ದಾಗಿ ಒಂದು ಕೆಮ್ಮು ಕೇಳಿಸಿದರೆ, ನಂಬರು ಕೇಳದೆ ತೆರೆಯಬೇಕು. ಅದು ಯಾವ ಏಳು ಗಂಟೆಯೆಂದು ನಾನು ಹೇಳಲಾರೆ, ತಾವು ಎಲ್ಲ ಏಳು ಗಂಟೆಗಳಲ್ಲೂ ಎಚ್ಚರವಾಗಿರಬೇಕು. ತಮ್ಮಿಂದ ಸಾಧ್ಯವಾಗುತ್ತಿಲ್ಲ ಎಂದು ತಾವು ಕೆಂಪಾಗಿ ಉರಿದರೆ ನಾನು ಬೇಸರಪಡುವುದಿಲ್ಲ. ನನ್ನಿಂದಲೂ ಸಾಧ್ಯವಾಗುತ್ತಿಲ್ಲ.

ಈಗ ಒಂದು ತಪ್ಪೊಪ್ಪಿಗೆ. ತಮ್ಮಂಥವರನ್ನು ನಮ್ಮವರು ಕೊನೆಯ ವರ್ಷಗಳಲ್ಲಿ ಮೂರು ನಾಲ್ಕು ಬಿಚ್ಚಿದ್ದರು. ಮನೆಗೆ ತಂದು ಹಳೆಯ ಬಟ್ಟೆ ಹಾಸಿ ಬಿಚ್ಚುವಾಗ ದೀಪ ಹಿಡಿಯುವುದು ನನ್ನ ಕೆಲಸ. "ನೋಡೇ, ಮೇಲೆ ಎಷ್ಟೇ ದೀಪ ಉರಿಸ್ಲಿ, ಬ್ಯಾಟರಿ ಹೋದ್ರೆ ಏನು ಗತಿ ಅಂತ ಕೆಳಗೊಂದು ತೂತು ಇಟ್ಟೇ ಇರ್ತಾರೆ" ಎಂದು ತೋರಿಸಿದ್ದರು. ತಮ್ಮ ಹೆಸರು ಕೊರೆದ ಪುಟ್ಟ ತಗಡನ್ನು ಪಕ್ಕಕ್ಕೆ ಸರಿಸಿದರೆ ತಮಗೂ ಇದೆ. ಮುಚ್ಚಿಟ್ಟುಕೊಂಡದ್ದಕ್ಕೆ ನಾನು ನಗುವುದಿಲ್ಲ, ಎಲ್ಲರಿಗೂ ಒಂದೊಂದು ಇರುತ್ತದೆ. ಆ ತೂತಿನ ಬೀಗದ ಕೈ ಅಳಿಯಂದಿರ ಬಳಿ ಇತ್ತು, ಎಲ್ಲೋ ಕಳೆದುಹಾಕಿದ್ದಾರೆ.

ನಾನು ತಗಡಿನ ಪೆಟ್ಟಿಗೆಯಿಂದ ಹಲ್ಲಿಲ್ಲದ ಒಂದು ಕೈ ತೆಗೆದೆ. ದೀಪದ ಮಸಿ ಹಚ್ಚಿದೆ. ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವಿನ ಮೂರು ಗಂಟೆಗಳಲ್ಲಿ ಮೂರು ದಿನ ತಮ್ಮ ಮುಂದೆ ಮಂಡಿಯೂರಿದೆ. ತೂತಿಗೆ ಹಾಕಿ ಮೆಲ್ಲಗೆ ತಿರುಗಿಸಿದರೆ ಒಳಗಿನ ಕಡ್ಡಿಗಳು ತಾಗಿದ ಕಡೆ ಮಸಿ ಅಳಿಸಿರುತ್ತದೆ. ಅಲ್ಲಿ ಅರದಿಂದ ಎರಡು ಸಲ ಉಜ್ಜಬೇಕು, ಮತ್ತೆ ಮಸಿ, ಮತ್ತೆ ತೂತು. ಅವರ ಅರದ ಹಿಡಿಯಲ್ಲಿ ಅವರ ಹೆಬ್ಬೆರಳು ಸವೆಸಿದ ಗುಳಿಯಿದೆ, ನನ್ನ ಹೆಬ್ಬೆರಳಿಗೆ ಅದು ದೊಡ್ಡದು. ಟೈಲರ್ ಎಲ್ಲ ನೋಡಿದ. ಮೂರನೇ ದಿನ ಬೀದಿ ದಾಟಿ ಬಂದು ಏನೂ ಕೇಳದೆ, ಮಂಡಿಯ ಕೆಳಗೆ ಹಾಕಿಕೊಳ್ಳಲು ಬಟ್ಟೆಚೂರು ತುಂಬಿದ ಒಂದು ದಿಂಬು ಕೊಟ್ಟು ಹೋದ.

ಇಂದು ಶನಿವಾರ. ಬೆಳಿಗ್ಗೆ ಹನ್ನೊಂದೂಕಾಲಿಗೆ ತಾವು ಕೀಂ ಎನ್ನದೆ ತೆರೆದುಕೊಂಡಿರಿ. ಒಳಗೆ ಬಂದು, ಹೊರಗಿನಿಂದ ಯಾವ ನಂಬರಿಗೂ ಬಗ್ಗದ ಹಳೆಯ ಕಬ್ಬಿಣದ ಚಿಲಕ ಹಾಕಿಕೊಂಡೆ. ಅದು ಅವರೇ ಮಾಡಿದ್ದು. ಆಮೇಲೆ ಕಟ್ಟುನಿಟ್ಟಿನ ಪ್ರಕಾರ ಪುಸ್ತಕ ತೆರೆದು ತುಂಬಿದೆ. ಹೆಸರು: ಬೀಗ ರಿಪೇರಿಯವರ ಹೆಂಡತಿ. ವಿಳಾಸ: ಇದೇ. ಬಂದ ಕಾರಣ: ನನ್ನ ಮನೆ. ಸಹಿ ಹಾಕಿದೆ. ಎರಡು ಲೋಟ ಟೀ ಮಾಡಿದೆ, ಎರಡನ್ನೂ ಕುಡಿದೆ. ಈ ಪತ್ರ ಬರೆಯುತ್ತಾ ಅವರ ಕುರ್ಚಿಯಲ್ಲಿ ಕೂತಿದ್ದೇನೆ. ಬರೆದಾದ ಮೇಲೆ ಬಾಗಿಲ ಅಡಿಯಿಂದ ಹೊರಗೆ ತಳ್ಳುತ್ತೇನೆ. ಮಗಳು ಅದನ್ನು ತಮ್ಮ ಕೆಳಗೆ ಅಂಟಿಸುವುದಾಗಿ ಒಪ್ಪಿದ್ದಾಳೆ. ತಮಗೆ ಓದಲು ಬರುವುದಿಲ್ಲ, ಆದರೆ ತಮ್ಮನ್ನು ಒತ್ತಲು ಬಂದವರಿಗೆ ಬರುತ್ತದೆ.

ತಮ್ಮ ಸೇವೆಯನ್ನು ಹದಿನಾಲ್ಕು ವಾರ ಹೊರಗಿನಿಂದ ಕಂಡು, ಇಂದು ಮೊದಲ ಬಾರಿಗೆ ತಮ್ಮ ಬೆನ್ನು ನೋಡುತ್ತಿರುವ

ತಮ್ಮ ವಿಶ್ವಾಸಿ,
ಮನೆಯ ಒಡತಿ

ಮರೆತ ಮಾತು: ಆರು ಜನ ಅತಿಥಿಗಳು ಬಂದು ತಲುಪಿದ್ದಾರೆ. ಅವರಿಗೆ ಬೆಳಿಗ್ಗೆಯೇ ತಾರಸಿಯ ಕೋಣೆ ಗುಡಿಸಿ, ನಡುವೆ ಬಟ್ಟೆ ಇಳಿಬಿಟ್ಟು, ಟ್ಯಾಂಕಿನ ನೋಟವಿರುವ ಕಡೆ ಮೂವರು, ಇಲ್ಲದ ಕಡೆ ಮೂವರು ಎಂದು ವ್ಯವಸ್ಥೆ ಮಾಡಿದ್ದೇನೆ. ಎಷ್ಟು ಸ್ಟಾರು ಬರುತ್ತದೋ ನೋಡಬೇಕು, ನಾವಂತೂ ಅಲ್ಲಿದ್ದು ಯಾರಿಗೂ ದೂರಲಿಲ್ಲ. ಈ ಪತ್ರದ ಹಾಳೆಗಳ ಹಿಂಬದಿಯಲ್ಲಿ ಏನೋ ಅಚ್ಚಾಗಿದೆ ಎಂದು ಗಾಬರಿಯಾಗಬೇಡಿ, ಅದು ಬ್ಯಾಂಕಿನ ಕಾಗದ. ಇಷ್ಟು ದಪ್ಪನೆಯ ಒಳ್ಳೆಯ ಹಾಳೆ ಮನೆಯಲ್ಲಿ ಬೇರೆ ಇರಲಿಲ್ಲ. ಅಳಿಯಂದಿರು ತಮ್ಮ ಗುಂಡಿಗಳನ್ನು ಹನ್ನೊಂದು ಸಲ ಒತ್ತಿ ದಣಿದರು, ಆಮೇಲೆ "ಅತ್ತೆ, ನಾನೂ ಒಳಗೆ ಬರ್ಲಾ?" ಎಂದು ಮೆಲ್ಲಗೆ ಕೇಳಿದರು. ಕಿಟಕಿಯ ಸರಳುಗಳ ನಡುವಿನಿಂದ ಪುಸ್ತಕ ಮತ್ತು ಪೆನ್ನು ಕೊಟ್ಟಿದ್ದೇನೆ. ಮಗಳು ಬರೆದು ಒಳಗೆ ಬಂದಾಯಿತು, ಇದನ್ನು ಅಂಟಿಸಲು ಮಾತ್ರ ಇನ್ನೊಮ್ಮೆ ಹೊರಗೆ ಹೋಗುತ್ತಾಳೆ. ಅಳಿಯಂದಿರು ಹೆಸರು ಬರೆದರು, ವಿಳಾಸವನ್ನು ಒಮ್ಮೆ ಹೊಡೆದುಹಾಕಿ ಮತ್ತೆ ಬರೆದರು. ಬಂದ ಕಾರಣದ ಅಂಕಣ ಬಂದಾಗ ಪೆನ್ನು ನಿಂತಿತು. ಈಗ ಮೆಟ್ಟಿಲ ಮೇಲೆ ಕೂತು, ಪುಸ್ತಕವನ್ನು ಮೊದಲ ಪುಟದಿಂದ ಓದುತ್ತಿದ್ದಾರೆ.